ಸೇವಂತಿಗೆಗೆ ಹಗಲೂ ಬೇಕು, ಕತ್ತಲೂ ಬೇಕು
(ಹೂ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಗೊಬ್ಬರ, ನೀರು, ಕೀಟ, ರೋಗ ಇವುಗಳ ಬಗ್ಗೆ ಬೆಳಗಿನಿಂದ ಸಾಕಷ್ಟು ಕೇಳಿದ್ದೀರಿ. ನನಗೆ ಒಪ್ಪಿಸಿರುವ ವಿಷಯ ಬೆಳಕು. ಬೆಳಕಿನ ಬಗ್ಗೆ ಹೇಳುವುದೇನಿದೆ, ಅದು ಸೂರ್ಯದೇವ ಪುಕ್ಕಟೆ ಕೊಡುವ ಪದಾರ್ಥ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಬಹುಕಾಲ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಅದು ತಪ್ಪೆಂದು ನನಗೆ ತಿಳಿಸಿದ್ದು ಒಬ್ಬ ರೈತರ ಹೊಲ.

ಕೆಲವು ವರ್ಷಗಳ ಹಿಂದಿನ ಮಾತು. ಅರ್ಧ ಎಕರೆಯಲ್ಲಿ ಸೇವಂತಿಗೆ ಹಾಕಿದ್ದ ರೈತರೊಬ್ಬರು ದೀಪಾವಳಿಗೆ ಮೂರು ವಾರ ಇರುವಾಗ ಹೇಳಿಕಳುಹಿಸಿದರು. ಹೋಗಿ ನೋಡಿದರೆ ಹೊಲವೆಲ್ಲ ಮೊಗ್ಗು ತುಂಬಿದೆ. ಒಂದು ಮೂಲೆಯಲ್ಲಿ ಮಾತ್ರ ಸುಮಾರು ನಾಲ್ಕು ಗುಂಟೆಯಷ್ಟು ಗಿಡಗಳು ಕಡುಹಸಿರಾಗಿ, ಸೊಂಪಾಗಿ ಬೆಳೆದು ನಿಂತಿವೆ, ಒಂದು ಮೊಗ್ಗೂ ಇಲ್ಲ. "ಸ್ವಾಮಿ, ಸಸಿ ಕೊಟ್ಟೋನು ಬೆರಕೆ ಮಾಡಿಬಿಟ್ಟವ್ನೆ, ನಾಳೆ ಹೋಗಿ ಕೇಳ್ತೀನಿ" ಎಂದು ಅವರು ಕೋಪದಲ್ಲಿದ್ದರು. ನಾನು ಎಲೆಯ ಬಣ್ಣ ನೋಡಿ, ಆ ಮೂಲೆಗೆ ಸಾರಜನಕ ಹೆಚ್ಚಾಗಿದೆ ಎಂದು ಹೇಳಿ ಬಂದೆ. ನನ್ನ ಮಾತು ತಪ್ಪಾಗಿತ್ತು. ಇನ್ನೊಮ್ಮೆ ಹೋದಾಗ ಹೊತ್ತು ಮುಳುಗಿತು. ಪಂಪಿನ ಮನೆಯ ಮುಂದಿನ ದೀಪ ಹೊತ್ತಿಕೊಂಡಿತು. ಅದರ ಬೆಳಕು ಎಲ್ಲಿಯವರೆಗೆ ಚೆನ್ನಾಗಿ ಬೀಳುತ್ತಿತ್ತೋ ಅಲ್ಲಿಯವರೆಗೆ ಹೂವಿಲ್ಲ, ಅದರಾಚೆಗೆ ಹೂವು. ಕೈವಾರ ಇಟ್ಟು ಗೆರೆ ಎಳೆದ ಹಾಗೆ! ಕಳ್ಳರ ಭಯಕ್ಕೆ ಆ ದೀಪ ರಾತ್ರಿಯಿಡೀ ಉರಿಯುತ್ತಿತ್ತು. ದೀಪ ಆರಿಸಿದ ಮೇಲೆ ಆ ಮೂಲೆಯ ಗಿಡಗಳೂ ಹೂ ಬಿಟ್ಟವು, ಆದರೆ ಹಬ್ಬ ಕಳೆದು ಬೆಲೆ ಬಿದ್ದಿತ್ತು. ಸಸಿ ಕೊಟ್ಟವನ ತಪ್ಪೇನೂ ಇರಲಿಲ್ಲ.

ಸೇವಂತಿಗೆಗೆ ಬೆಳಕು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಹಗಲಿನ ಬಿಸಿಲು ಗಿಡಕ್ಕೆ ಆಹಾರ ತಯಾರಿಸಿಕೊಡುತ್ತದೆ. ಇಲ್ಲಿ ಪ್ರಮಾಣ ಮುಖ್ಯ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮನೆಯೊಳಗೆ ಕಿಟಕಿಯ ಪಕ್ಕದಲ್ಲಿ ಒಂದೆರಡು ಸಾವಿರ ಇದ್ದರೆ ಹೆಚ್ಚು. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ತೆಂಗು, ಅಡಿಕೆಯ ನೆರಳಿನಲ್ಲಿ ಕನಕಾಂಬರ ಒಂದಿಷ್ಟು ಸಹಿಸಿಕೊಂಡೀತು, ಸೇವಂತಿಗೆ ಸಹಿಸುವುದಿಲ್ಲ. ಕಾಂಡ ಸಣ್ಣಗಾಗಿ ಉದ್ದ ಬೆಳೆದು ಬಾಗುತ್ತದೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗವನ್ನೇ ಆರಿಸಬೇಕು. ಪಾಲಿಹೌಸ್ ಇರುವವರು ಹಾಳೆಯ ಮೇಲಿನ ಧೂಳು, ಪಾಚಿಯನ್ನು ತೊಳೆಯುತ್ತಿರಬೇಕು. ಇಷ್ಟು ನಿಮಗೆ ತಿಳಿದದ್ದೇ.

ಎರಡನೆಯ ಕೆಲಸ ಹೂ ಬಿಡುವ ಕಾಲವನ್ನು ತಿಳಿಸುವುದು. ಇಲ್ಲಿ ಪ್ರಮಾಣಕ್ಕಿಂತ ಅವಧಿ ಮುಖ್ಯ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಅವರ ಹೊಲದಲ್ಲಿ ಒಂದು ಹೊಗೆಸೊಪ್ಪಿನ ತಳಿ ಬೇಸಿಗೆಯಲ್ಲಿ ಆಳೆತ್ತರ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಸಂಜೆಗೆ ಮುಂಚೆಯೇ ಕತ್ತಲೆ ಕೋಣೆಗೆ ಸೇರಿಸಿ ಹಗಲನ್ನು ಕಿರಿದು ಮಾಡಿದಾಗ ಬಿಟ್ಟಿತು. ಇಂಥವನ್ನು ಹ್ರಸ್ವದಿನ ಸಸ್ಯಗಳು ಎನ್ನುತ್ತಾರೆ. ಸೇವಂತಿಗೆ ಆ ಗುಂಪಿನದು. ಮೆಕ್ಸಿಕೋದ ಬೆಟ್ಟಗಳಲ್ಲಿ ಬೆಳೆಯುವ, ಎಲೆ ಉಜ್ಜಿದರೆ ಅನಾನಸ್ ವಾಸನೆ ಬರುವ ಸಾಲ್ವಿಯಾ ಕೂಡ ಹೀಗೆಯೇ ಹಗಲು ಕಿರಿದಾದ ಮೇಲೆ ಕೆಂಪು ಹೂ ಬಿಡುತ್ತದೆ. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಇನ್ನೊಂದು ಹ್ರಸ್ವದಿನ ಸಸ್ಯದ ಮೇಲೆ ಪ್ರಯೋಗ ಮಾಡಿ, ಗಿಡ ಲೆಕ್ಕ ಇಡುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು ಎಂದು ತೋರಿಸಿದರು. ದೀರ್ಘ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ತೋರಿಸಿದರೆ ಗಿಡ ಅದನ್ನು ಎರಡು ಸಣ್ಣ ರಾತ್ರಿಗಳೆಂದು ತಿಳಿಯುತ್ತದೆ, ಮೊಗ್ಗು ಕಟ್ಟುವುದಿಲ್ಲ. ಪಂಪಿನ ಮನೆಯ ದೀಪ ಮಾಡಿದ್ದು ಇದನ್ನೇ.

ಬೆಂಗಳೂರಿನ ಸುತ್ತ ಜೂನ್ 21ರಂದು ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ 21ರಂದು ಸುಮಾರು 11 ಗಂಟೆ 20 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬು ಬೆಳಕನ್ನೂ ಗಿಡ ಸ್ವಲ್ಪಮಟ್ಟಿಗೆ ಹಗಲಿಗೇ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಮುಂಗಾರಿನಲ್ಲಿ ನೆಟ್ಟ ಗಿಡ ಮೊದಲು ಮೈ ತುಂಬಿಕೊಂಡು, ಹಗಲು ಕಿರಿದಾಗುತ್ತಾ ಬಂದಂತೆ ಮೊಗ್ಗು ಹಿಡಿಯುತ್ತದೆ. ಹಿರಿಯರು ಕಂಡುಕೊಂಡ ಕಾಲ ಸರಿಯಾದದ್ದೇ. ತೊಂದರೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ ನೆಟ್ಟಾಗ. ಗಿಡ ಗೇಣುದ್ದ ಆಗುವ ಮೊದಲೇ ಮೊಗ್ಗು ಕಟ್ಟುತ್ತದೆ. ರೆಂಬೆಯಿಲ್ಲ, ಕಾಂಡವಿಲ್ಲ, ತೂಕವಿಲ್ಲ. ಎಷ್ಟು ಗೊಬ್ಬರ ಸುರಿದರೂ ಇದು ಸರಿಹೋಗದು.

ಅದೇ ದೀಪವನ್ನು ಇಲ್ಲಿ ನಮ್ಮ ಉಪಯೋಗಕ್ಕೆ ತಂದುಕೊಳ್ಳಬಹುದು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲಗಳಲ್ಲಿ ಸಾಲುದೀಪ ಕಂಡಿರುತ್ತೀರಿ. ಅದು ಜಾತ್ರೆಯಲ್ಲ, ಸೇವಂತಿಗೆ. ಗಿಡದ ತುದಿಯಿಂದ 5-6 ಅಡಿ ಎತ್ತರದಲ್ಲಿ, 10 ಅಡಿಗೆ ಒಂದರಂತೆ 9 ವ್ಯಾಟಿನ ಎಲ್‌ಇಡಿ ಬಲ್ಬು ಕಟ್ಟಿದರೆ ಕಾಲು ಎಕರೆಗೆ ಸುಮಾರು 100 ಬೇಕಾಗುತ್ತವೆ. ರಾತ್ರಿ 10ರಿಂದ 2ರವರೆಗೆ ನಾಲ್ಕು ಗಂಟೆ ಉರಿಸಿದರೆ 3.6 ಯೂನಿಟ್. ಹಿಂದೆ ಅಷ್ಟೇ ಬೆಳಕಿಗೆ 60 ವ್ಯಾಟಿನ ತಂತಿ ಬಲ್ಬು ಉರಿಸಿ 24 ಯೂನಿಟ್ ಸುಡುತ್ತಿದ್ದರು. ಗಿಡದ ಮೇಲೆ ಎಲ್ಲಿಯೂ 50 ಲಕ್ಸ್‌ಗಿಂತ ಕಡಿಮೆ ಬೀಳಬಾರದು, 100 ಇದ್ದರೆ ನಿಶ್ಚಿಂತೆ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಬಲ್ಬು ಉಳಿಸಲು ಹೋಗಿ ಸಾಲುಗಳ ನಡುವೆ ಕತ್ತಲೆಯ ಪಟ್ಟಿ ಬಿಟ್ಟವರ ಹೊಲದಲ್ಲಿ ಪಟ್ಟೆ ಪಟ್ಟೆಯಾಗಿ ಹೂ ಬಂದದ್ದನ್ನು ನೋಡಿದ್ದೇನೆ. ಈ ಕೆಲಸಕ್ಕೆ ಕೆಂಪು ಬೆಳಕು ಹೆಚ್ಚು ಪರಿಣಾಮಕಾರಿ. ಬಿಳಿ ಬಲ್ಬೇ ಕೊಳ್ಳುವುದಾದರೆ ನೀಲಿ ಛಾಯೆಯದಕ್ಕಿಂತ ಹಳದಿ ಛಾಯೆಯದು ಮೇಲು.

ನೆಟ್ಟ ದಿನದಿಂದಲೇ ದೀಪ ಶುರುವಾಗಬೇಕು. ಕುಡಿ ಚಿವುಟಿ, ರೆಂಬೆಗಳು ಬಂದು, ಗಿಡ ಒಂದಡಿಯಷ್ಟಾಗುವವರೆಗೆ, ಅಂದರೆ ಸಾಮಾನ್ಯವಾಗಿ 4ರಿಂದ 6 ವಾರ ಉರಿಸಿ, ನಂತರ ಪೂರ್ತಿ ನಿಲ್ಲಿಸತಕ್ಕದ್ದು. ಕೊಯ್ದು ಕಟ್ಟುವ ಉದ್ದ ಕಾಂಡದ ತಳಿಗಳಲ್ಲಿ ಬಹಳಷ್ಟು, ದೀಪ ನಿಲ್ಲಿಸಿದ 8ರಿಂದ 10 ವಾರಕ್ಕೆ ಕೊಯ್ಲಿಗೆ ಬರುತ್ತವೆ. ಬಿಡಿ ಹೂವಿನ ತಳಿಗಳಲ್ಲಿ ಒಂದೊಂದರದು ಒಂದೊಂದು ಲೆಕ್ಕ. ನೀವು ಬೆಳೆಯುವ ತಳಿಗೆ ದೀಪ ಆರಿಸಿದ ತಾರೀಖನ್ನೂ ಮೊದಲ ಕೊಯ್ಲಿನ ತಾರೀಖನ್ನೂ ಬರೆದಿಡಿ. ಮುಂದಿನ ಸಲ ಹಬ್ಬದಿಂದ ಹಿಂದಕ್ಕೆ ಎಣಿಸಿ ದೀಪ ಆರಿಸಬಹುದು. ಈ ಲೆಕ್ಕ ನಿಮ್ಮ ಪುಸ್ತಕದಲ್ಲಿ ಇರಬೇಕೇ ಹೊರತು ನನ್ನ ಭಾಷಣದಲ್ಲಿ ಸಿಗದು.

ತಂತಿಯ ಬಗ್ಗೆ ಒಂದು ಮಾತು. ಒದ್ದೆ ನೆಲದ ಮೇಲೆ ತಂತಿ ಬಿಡಬೇಡಿ. ಕಂಬಕ್ಕೆ ಕಟ್ಟಿ ಎತ್ತರದಲ್ಲಿ ಎಳೆಯಿರಿ, ಬಿಚ್ಚಿದ ಜೋಡಣೆ ಇರಕೂಡದು. ಹೂವಿಗಾಗಿ ಜೀವ ಹೋಗಬಾರದು. ಪಂಪ್‌ಸೆಟ್ಟಿನ ಸಂಪರ್ಕದಿಂದ ದೀಪಕ್ಕೆ ವಿದ್ಯುತ್ ತೆಗೆಯುವ ಮೊದಲು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿ.

ಮನೆಯಲ್ಲಿ ಕುಂಡದಲ್ಲಿ ಬೆಳೆಸುವ ತಾಯಂದಿರು ಇದನ್ನೇ ತಿರುಗಿಸಿ ನೋಡಬೇಕು. ಒಳಗೆ ಹಗಲಿನ ಬೆಳಕು ಕಡಿಮೆ, ರಾತ್ರಿಯ ಬೆಳಕು ಹೆಚ್ಚು. ಗಿಡಕ್ಕೆ ಎರಡೂ ಕಡೆ ನಷ್ಟ. ಟೀವಿ ಇರುವ ಕೋಣೆಯಲ್ಲಿ ಹನ್ನೊಂದರವರೆಗೆ ದೀಪ ಉರಿದರೆ ಮೊಗ್ಗನ್ನು ನಿರೀಕ್ಷಿಸಬೇಡಿ. ಹಗಲು ಜಗಲಿಯಲ್ಲೋ ತಾರಸಿಯಲ್ಲೋ ಇಟ್ಟು, ಸಂಜೆ ಆರಕ್ಕೆ ದೀಪ ಹಾಕದ ಕೋಣೆಗೆ ಸೇರಿಸಿ, ಬೆಳಿಗ್ಗೆ ಏಳಕ್ಕೆ ಹೊರಗೆ ತನ್ನಿ. ಮೊಗ್ಗು ಬಣ್ಣ ತೋರಿದ ಮೇಲೆ ಒಳಗಿಟ್ಟು ಅಂದ ನೋಡಬಹುದು. ಜಗಲಿ ಯಾವ ದಿಕ್ಕಿನದೆಂಬುದನ್ನೂ ಗಮನಿಸಿ. ಬೆಂಗಳೂರಿನ ನೇರದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಹೂ ಬಿಡುವ ಚಳಿಗಾಲದಲ್ಲಿ ದಕ್ಷಿಣದ ಜಗಲಿಯೇ ಒಳ್ಳೆಯದು.

ಹಿಂದಿನ ಶಿಬಿರದಲ್ಲಿ ಒಬ್ಬ ಅಜ್ಜಿ, "ಹಂಗಾದ್ರೆ ಹುಣ್ಣಿಮೆ ಬೆಳಕಿಗೂ ಹೂವು ನಿಂತೋಗಬೇಕಲ್ಲಪ್ಪ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಹುಣ್ಣಿಮೆಯ ಬೆಳಕು ಅರ್ಧ ಲಕ್ಸ್ ಕೂಡ ಇಲ್ಲ, ಭಯವಿಲ್ಲ. ಬೀದಿದೀಪದ ಕೆಳಗೆ ಅದಕ್ಕಿಂತ ಹತ್ತಾರು ಪಟ್ಟು ಇರುತ್ತದೆ. ಅಂಥ ಕಂಬ ಬದುವಿನಲ್ಲಿದ್ದರೆ ಹೊಲದ ಕಡೆಗೆ ತಗಡಿನ ಮರೆ ಕಟ್ಟಿಸಿ. ಆಗದಿದ್ದರೆ ಆ ಮೂಲೆಯಲ್ಲಿ ಬೇರೆ ಬೆಳೆ ಹಾಕಿ.

ಕೊನೆಯದಾಗಿ ಗಡಿಯಾರದ ಸ್ವಿಚ್ಚು. ರಾತ್ರಿ ಹತ್ತಕ್ಕೆ ಎದ್ದು ಹೋಗುವುದು ನಾಲ್ಕು ದಿನ ನಡೆದೀತು, ನಲವತ್ತು ದಿನ ನಡೆಯದು. ಆದ್ದರಿಂದ ಸ್ವಿಚ್ಚು ಹಾಕಿಸಿ. ಆದರೆ ಬ್ಯಾಟರಿ ಇಲ್ಲದ ಸ್ವಿಚ್ಚಿನ ಗಡಿಯಾರ ಕರೆಂಟು ಹೋದಾಗ ನಿಂತು, ಬಂದಾಗ ನಿಂತಲ್ಲಿಂದ ಓಡುತ್ತದೆ. ಹತ್ತು ದಿನ ಕರೆಂಟು ಬಂದು ಹೋಗಿ ಮಾಡಿದರೆ ನಿಮ್ಮ ನಡುರಾತ್ರಿಯ ದೀಪ ಬೆಳಗಿನ ಜಾವಕ್ಕೆ ಸರಿದಿರುತ್ತದೆ, ಗಿಡಕ್ಕೆ ಸಂಜೆಯಿಂದ ಅಲ್ಲಿಯವರೆಗೆ ಎಡೆಬಿಡದ ಕತ್ತಲು ಸಿಕ್ಕಿರುತ್ತದೆ. ವಾರಕ್ಕೊಮ್ಮೆ ಕೈಗಡಿಯಾರದೊಡನೆ ಹೋಲಿಸಿ ಸರಿಮಾಡಿಕೊಳ್ಳಿ.