ಸಾವೊಂದೇ, ಕಥೆ ಬೇರೆ

ಗಾಂಧಿನಗರದಲ್ಲಿ ಕಥೆ ಹೇಳಲು ಹೋದವರಿಗೆ ಎದುರಾಗುವ ಪ್ರಶ್ನೆ, "ಒನ್‌ಲೈನ್ ಏನು?" ಹಾಲಿವುಡ್ಡಿನವರು ಇದನ್ನು ಲಾಗ್‌ಲೈನ್ ಅನ್ನುತ್ತಾರೆ. ಅದೇನಿದ್ದರೂ ನಿರ್ಮಾಪಕರಿಗೆ ಒಪ್ಪಿಸುವ ವಾಕ್ಯ ಅಂದುಕೊಂಡು, ಚಿತ್ರಕಥೆ ಮುಗಿದ ಮೇಲೆ ಬರೆಯಲು ಕೂರುವವರಿದ್ದಾರೆ. ಆದರೆ ಅದು ಮೊದಲು ಬೇಕಾಗುವುದು ಬರೆಯುವವರಿಗೇ ಎಂಬುದು ನನ್ನ ವಾದ.

'ಸಂಸ್ಕಾರ'ವನ್ನೇ ತೆಗೆದುಕೊಳ್ಳಿ. ಅನಂತಮೂರ್ತಿಯವರ ಕಾದಂಬರಿ, ಗಿರೀಶ ಕಾರ್ನಾಡರ ಚಿತ್ರಕಥೆ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ. ಸಿನಿಮಾ ಬಂದದ್ದು 1970ರಲ್ಲಿ. ಏನು ಕಥೆ ಎಂದರೆ "ಬ್ರಾಹ್ಮಣ್ಯದ ಬಿಕ್ಕಟ್ಟು" ಅನ್ನುತ್ತೇವೆ. ವಿಮರ್ಶಕರಿಗೆ ಅಷ್ಟು ಸಾಕು. ಮೊದಲ ದೃಶ್ಯದಲ್ಲಿ ಯಾರು ಏನು ಮಾಡುತ್ತಿರಬೇಕು ಎಂದು ಆ ಮಾತು ಹೇಳುವುದಿಲ್ಲ. ಹೀಗೆ ಹೇಳಿ ನೋಡೋಣ: ಆಚಾರಗೆಟ್ಟ ಬ್ರಾಹ್ಮಣನೊಬ್ಬ ಅಗ್ರಹಾರದಲ್ಲಿ ಸತ್ತಾಗ, ಅವನ ಸಂಸ್ಕಾರ ಯಾರು ಮಾಡಬೇಕೆಂದು ಶಾಸ್ತ್ರ ನೋಡಿ ಹೇಳಬೇಕಾದ ಪಂಡಿತನೇ ಸತ್ತವನ ಸಂಗಾತಿಯನ್ನು ಕೂಡಿ, ತೀರ್ಪು ಕೊಡುವ ಅರ್ಹತೆ ಕಳೆದುಕೊಳ್ಳುತ್ತಾನೆ.

ಇದು ಸಿನಿಮಾ ನೋಡಿದ ಮೇಲೆ ನಾನು ಕಟ್ಟಿದ ವಾಕ್ಯ, ಕಾರ್ನಾಡರದ್ದಲ್ಲ. ಪಂಡಿತನ ಹೆಸರು ಪ್ರಾಣೇಶಾಚಾರ್ಯ, ಅದು ಈ ವಾಕ್ಯದಲ್ಲಿಲ್ಲ. ಕಥೆ ಗೊತ್ತಿಲ್ಲದವರಿಗೆ ಹೆಸರಿನಿಂದ ಏನೂ ತಿಳಿಯದು. 'ಪಂಡಿತ' ಎಂದರೆ ಅವನು ಯಾವ ಎತ್ತರದಿಂದ ಬೀಳಲಿದ್ದಾನೆ ಎಂಬುದು ತಿಳಿಯುತ್ತದೆ. ಒತ್ತಡವೂ ಆ ವಾಕ್ಯದಲ್ಲೇ ಅಡಗಿದೆ: ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಒಂದೆಡೆ ಹಸಿವು, ಇನ್ನೊಂದೆಡೆ ಕೊಳೆಯುತ್ತಿರುವ ಹೆಣ. ಆಚಾರ್ಯ ಎಷ್ಟು ತಡಮಾಡಿದರೆ ಅಷ್ಟು ಬಿಗಿ.

ರಾಮ್ ರೆಡ್ಡಿಯವರ 'ತಿಥಿ' 2016ರಲ್ಲಿ ತೆರೆಗೆ ಬಂತು. ಅಲ್ಲೂ ಮೊದಲಿಗೆ ಒಂದು ಸಾವು: ನೂರೊಂದು ವರ್ಷದ ಸೆಂಚುರಿ ಗೌಡ. ಅಲ್ಲಿ ಸಂಸ್ಕಾರಕ್ಕೆ ತಕರಾರಿಲ್ಲ, ಹನ್ನೊಂದನೇ ದಿನ ತಿಥಿಯೂಟ ಆಗಿಯೇ ಆಗುತ್ತದೆ. "ಮೂರು ತಲೆಮಾರಿನ ಬದುಕು" ಎಂದು ಬರೆದಿಟ್ಟುಕೊಂಡರೆ ಏನು ಬೇಕಾದರೂ ತುರುಕಬಹುದು, ಅದೇ ಅಪಾಯ. "ಆಸ್ತಿ ಮಾರುವ ಆತುರದಲ್ಲಿ ಮೊಮ್ಮಗ, ಊರೂರು ಅಲೆಯುವ ಸ್ವಂತ ಅಪ್ಪನನ್ನೇ ಕಾಗದದ ಮೇಲೆ ಸಾಯಿಸುತ್ತಾನೆ" ಎಂದುಕೊಳ್ಳಿ. ತಕ್ಷಣ ನಗು ಹುಟ್ಟುತ್ತದೆ, ಜೊತೆಗೇ ದಿಗಿಲು: ಸತ್ತ ಅಪ್ಪ ತಿಥಿಗೆ ಬಂದುಬಿಟ್ಟರೆ? ಕುರಿ ಕಾಯುವ ಹುಡುಗಿಯ ಹಿಂದೆ ಬಿದ್ದ ಮರಿಮಗ ಅಭಿ ಈ ವಾಕ್ಯದೊಳಗೆ ಬರುವುದಿಲ್ಲ ನಿಜ. ಬರಬೇಕಾಗಿಯೂ ಇಲ್ಲ. ಎಲ್ಲರನ್ನೂ ಹಿಡಿಸಲು ಹೋದ ಒನ್‌ಲೈನು ಮದುವೆ ಕರೆಯೋಲೆಯ ಹಾಗಾಗುತ್ತದೆ.

ಇನ್ನು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ', 1977ರದ್ದು. ಗರ್ಭಿಣಿಯಾದ ವಿಧವೆ ಮಗಳು ಬದುಕಿರುವಾಗಲೇ ತಂದೆ ಅವಳ ಶ್ರಾದ್ಧ ಮಾಡುತ್ತಾನೆ. ಕಣ್ಣಿಗೆ ಕಟ್ಟುವ ವಾಕ್ಯವೇ, ಆದರೂ ಇದು ಆ ಸಿನಿಮಾ ಅಲ್ಲ. ಅದನ್ನೆಲ್ಲ ನಾವು ಕಾಣುವುದು ವೇದಪಾಠ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಲ್ಲಿ. ವಾಕ್ಯದ ಕರ್ತೃ ತಂದೆಯಾದರೆ ಅದು ಮರ್ಯಾದೆಯ ಕಥೆ, ಮಗಳಾದರೆ ಸಂಕಟದ ಕಥೆ. ಹುಡುಗನನ್ನು ಕರ್ತೃ ಮಾಡಿದಿರೋ, ಮುಚ್ಚಿದ ಬಾಗಿಲಾಚೆ ನಡೆದದ್ದನ್ನು ನೇರವಾಗಿ ತೋರಿಸುವ ಹಕ್ಕು ನಿಮಗಿಲ್ಲ. ಅವನಿಗೆ ಅರ್ಥವಾಗದ್ದನ್ನು ಪ್ರೇಕ್ಷಕರಿಗೆ ಮುಟ್ಟಿಸುವ ಹೊಣೆ ಪ್ರತಿ ದೃಶ್ಯದ ಮೇಲೂ ಬೀಳುತ್ತದೆ.