ಕೃಷ್ಣಾನಗರದ ಕೋಟೆಯೂ ಅದರ ಒಡೆಯರೂ



ಕೋಟೆಗೆ ಕೈಹಚ್ಚಿದವನು ಒಬ್ಬನು, ಅದನ್ನು ಪೂರ್ತಿಗೊಳಿಸಿದವನು ಮತ್ತೊಬ್ಬನು, ಅದನ್ನು ಅನುಭವಿಸಿದವನು ಮೂರನೆಯವನು. ಯಶವಂತನಗರವೂ ಸೇರಿದ ಸಂಡೂರು ಸೀಮೆಯ ಕೃಷ್ಣಾನಗರದ ಕೋಟೆಯ ಚರಿತ್ರೆಯು ಇಂಥದಾಗಿರುವುದು.

ಸಂಡೂರು ಕಣಿವೆಯ ಸುತ್ತಲೂ ಬೆಟ್ಟಗಳ ಸಾಲು. ನಾರಿಹಳ್ಳವು ಅವುಗಳನ್ನು ಕೊರೆದು ಹರಿಯುವ ಓಬಳಗಂಡಿ, ಭೀಮಗಂಡಿಗಳೇ ಅದರ ಹೆಬ್ಬಾಗಿಲುಗಳು. ಪ್ರಕೃತಿಯೇ ಕೋಟೆಯಾಗಿ ನಿಂತ ಈ ನಾಡನ್ನು 1728ರಲ್ಲಿ ಸಿದ್ಧೋಜಿರಾವ್ ಘೋರ್ಪಡೆಯವರು ಜರಿಮಲೆಯ ಬೇಡ ಪಾಳೆಯಗಾರನಿಂದ ಕಸಿದುಕೊಂಡರು. ಅವರ ಮಗನಾದ ಮುರಾರಿರಾಯನು ಗುತ್ತಿಯಲ್ಲಿ ಪ್ರಬಲನಾಗಿದ್ದನು. 1776ರಲ್ಲಿ ಗುತ್ತಿಯು ಹೈದರಾಲಿಯ ವಶವಾಗಲು ಸಂಡೂರೂ ಕೈಬಿಟ್ಟಿತು. ಮುರಾರಿರಾಯನು ಕಬ್ಬಾಳದುರ್ಗದ ಸೆರೆಯಲ್ಲಿ ಮಡಿದನು.

ಕೃಷ್ಣಾನಗರದಲ್ಲಿ ಕೋಟೆಯನ್ನು ಆರಂಭಿಸಿದವನು ಹೈದರನು. ಮುಗಿಸಿ ಕಾವಲು ದಂಡನ್ನಿರಿಸಿದವನು ಟಿಪ್ಪು ಸುಲ್ತಾನನು. ಆ ದಂಡನ್ನು ಹೊರಡಿಸಲು ಹೋರಾಡಿ ಮುರಾರಿರಾಯನ ದತ್ತುಪುತ್ರ ಶಿವರಾಯನು ಪ್ರಾಣವನ್ನೇ ತೆತ್ತನು. 1790ರಲ್ಲಿ ವೆಂಕಟರಾಯನು ಆ ಕಾರ್ಯವನ್ನು ಸಾಧಿಸಿದನು. ಘೋರ್ಪಡೆಯವರನ್ನು ಹೊರಗಿಡಲು ಎದ್ದ ಗೋಡೆಯು ಅವರಿಗೇ ಆಸರೆಯಾಯಿತು!

ಆದರೆ ಗೋಡೆಯ ಆಸರೆ ಎಷ್ಟು ದಿನದ್ದು? ಪೇಶ್ವೆ ಬಾಜಿರಾಯನ ಕೋರಿಕೆಯ ಮೇರೆಗೆ 1817ರಲ್ಲಿ ಮನ್ರೋ ಸಾಹೇಬನು ಸೈನ್ಯಸಹಿತನಾಗಿ ಬಂದಾಗ ಎರಡನೆಯ ಶಿವರಾಯನು ಕಾದಾಡದೆ ಕೋಟೆಯನ್ನೊಪ್ಪಿಸಿದನು. ಮರುವರ್ಷವೇ ಸಂಸ್ಥಾನವು ಅವನಿಗೆ ಮರಳಿ ದೊರೆಯಿತು. 1826ರಲ್ಲಿ ಸನ್ನದೂ ಆಯಿತು. ಕಲ್ಲಿನ ಗೋಡೆಯು ಉಳಿಸಲಾರದುದನ್ನು ರಕ್ತಪಾತಕ್ಕೆಳಸದ ವಿವೇಕವು ಉಳಿಸಿತೆಂದರೆ ತಪ್ಪಾಗಲಾರದು.

1932ರಲ್ಲಿ ದೊರೆ ಯಶವಂತರಾವ್ ಘೋರ್ಪಡೆಯವರು ಕುಮಾರಸ್ವಾಮಿಯ ದೇವಾಲಯದ ಬಾಗಿಲನ್ನು ಹರಿಜನರಿಗೆ ತೆರೆಯಿಸಿದರು. 1949ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಸಂಡೂರಿನ ಶಿವವಿಲಾಸ ಅರಮನೆಯೂ ಇಂದು ಪ್ರವಾಸಿಗಳ ವಸತಿಗೃಹವಾಗಿರುವುದು. ಮುಚ್ಚಿದ ಕೋಟೆಯ ಬಾಗಿಲು ಯಾರನ್ನೂ ಚಿರಕಾಲ ಕಾಯಲಿಲ್ಲ. ತೆರೆದ ಗುಡಿಯ ಬಾಗಿಲಿನಿಂದ ದೊರೆಯ ಹೆಸರು ಉಳಿಯಿತು.

ದೊರೆಗಳಿಲ್ಲದ ಈ ಕಾಲದಲ್ಲಿ ಹಳೆಯ ಕೋಟೆಯ ಒಡೆಯರಾರು? ಅದರ ಬಳಿಯಲ್ಲಿ ಬಾಳುವ ಜನರೇ ಅಲ್ಲವೇ! ಒಡೆತನವು ಬಂದು ಹೋಗತಕ್ಕದ್ದು, ಕಾಪಾಡುವ ಹೊಣೆಯು ನಿಲ್ಲತಕ್ಕದ್ದು. ಗೋಡೆಯ ಕಲ್ಲೊಂದನ್ನು ಕೀಳಲು ನೀಡಿದ ಕೈಯು ಇದನ್ನು ನೆನೆದು ಹಿಂದೆಗೆದರೆ ಈ ಚರಿತ್ರೆಯನ್ನು ಕೇಳಿದುದು ಸಾರ್ಥಕವಾಗುವುದು.