ಅಂತ್ಯವನ್ನರಿಯದ ವಾರಪತ್ರಿಕೆಗಳು

ಹಳೆಯ ಕಾಗದವೆಂದರೆ ನಮ್ಮ ಮನೆಗಳಲ್ಲಿ ತೂಕಕ್ಕೆ ಹಾಕುವ ವಸ್ತು. ಹಣ ಕೊಟ್ಟು ಅದನ್ನು ಮನೆಗೆ ತರುವವನನ್ನು ಕಂಡು ಮನೆಮಂದಿ ಮರುಗುವುದು ಸಹಜ. ನಾನು ಅಂಥವರಲ್ಲೊಬ್ಬ. ನಾನು ಕೂಡಿಡುವುದು ಎರಡನೆಯ ಮಹಾಯುದ್ಧದ ಕಾಲದ ಸಚಿತ್ರ ವಾರಪತ್ರಿಕೆಗಳನ್ನು. ವಿಶೇಷವಾಗಿ ಲಂಡನ್ನಿನ ‘ಪಿಕ್ಚರ್ ಪೋಸ್ಟ್’ ಪತ್ರಿಕೆಯನ್ನು. ಯುದ್ಧದ ವಿಷಯವಾಗಿ ದಪ್ಪ ದಪ್ಪ ಗ್ರಂಥಗಳಿರುವಾಗ ಈ ಹರಕು ಸಂಚಿಕೆಗಳೇಕೆ ಎಂದು ಕೇಳುವವರುಂಟು. ಗ್ರಂಥಕರ್ತನಿಗೆ ಯುದ್ಧ ಹೇಗೆ ಮುಗಿಯಿತೆಂಬುದು ಗೊತ್ತು. 1940ರ ಬೇಸಗೆಯಲ್ಲಿ, ಫ್ರಾನ್ಸ್ ಸೋತ ವಾರದಲ್ಲಿ, ಪುಟಗಳನ್ನು ಅಚ್ಚಿಗೆ ಕಳುಹಿಸಿದ ಸಂಪಾದಕನಿಗೆ ಅದು ಗೊತ್ತಿರಲಿಲ್ಲ. ಕೊಂಡು ಓದಿದವನಿಗೂ ಗೊತ್ತಿರಲಿಲ್ಲ. ಆ ಅರಿಯದ ಸ್ಥಿತಿಯ ಬಿಸಿ ಗ್ರಂಥಗಳಲ್ಲಿ ದೊರೆಯುವುದು ಅಪರೂಪ.

‘ಪಿಕ್ಚರ್ ಪೋಸ್ಟ್’ ಹೊರಟದ್ದು 1938ರ ಅಕ್ಟೋಬರ್ 1ರಂದು. ಬೆಲೆ ಮೂರು ಪೆನ್ಸ್. ಕೆಲವೇ ತಿಂಗಳುಗಳಲ್ಲಿ ಅದರ ಪ್ರಸಾರ 10 ಲಕ್ಷವನ್ನು ಮೀರಿತು. ಮೊದಲ ಸಂಪಾದಕ ಸ್ಟೀಫನ್ ಲೋರಾಂಟ್ ಹಂಗೆರಿಯ ಯೆಹೂದಿ. 1933ರಲ್ಲಿ ಹಿಟ್ಲರನ ಸೆರೆಮನೆಯ ರುಚಿ ಕಂಡುಬಂದವನು. ಜರ್ಮನಿಯಲ್ಲಿ ಯೆಹೂದಿಗಳ ಅಂಗಡಿಗಳೂ ಮಂದಿರಗಳೂ ಧ್ವಂಸವಾದ ಕೆಲವೇ ದಿನಗಳಲ್ಲಿ, 1938ರ ನವೆಂಬರ್ 26ರ ಸಂಚಿಕೆಯಲ್ಲಿ, ಆತ ನಾಜಿ ನಾಯಕರ ಮುಖಗಳನ್ನೂ ಅವರ ಕಿರುಕುಳಕ್ಕೆ ಗುರಿಯಾದ ವಿಜ್ಞಾನಿಗಳ, ಲೇಖಕರ, ನಟರ ಮುಖಗಳನ್ನೂ ಎದುರುಬದುರಾಗಿ ಅಚ್ಚುಮಾಡಿದ. ಹೆಚ್ಚಿನ ವ್ಯಾಖ್ಯಾನವೇ ಬೇಕಾಗಲಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1941ರ ಜನವರಿ 4ರ ಸಂಚಿಕೆ. ಆಗ ಲೋರಾಂಟ್ ಅಮೆರಿಕೆಗೆ ತೆರಳಿದ್ದ. ಟಾಮ್ ಹಾಪ್ಕಿನ್ಸನ್ ಸಂಪಾದಕನಾಗಿದ್ದ. ಲಂಡನ್ನಿನ ಮೇಲೆ ರಾತ್ರಿಗಳಲ್ಲಿ ಬಾಂಬು ಬೀಳುತ್ತಿತ್ತು. ಅಂಥ ಹೊತ್ತಿನಲ್ಲಿ ಪತ್ರಿಕೆ ತನ್ನ ಇಡೀ ಸಂಚಿಕೆಯನ್ನು ಮೀಸಲಿಟ್ಟದ್ದು ಯುದ್ಧಾನಂತರದ ಬ್ರಿಟನ್ ಹೇಗಿರಬೇಕೆಂಬ ಯೋಜನೆಗೆ: ಎಲ್ಲರಿಗೂ ಉದ್ಯೋಗ, ಶಾಲೆ, ವೈದ್ಯ, ಗಾಳಿಬೆಳಕಿನ ಮನೆ. ಬರೆದವರಲ್ಲಿ ಜೆ.ಬಿ. ಪ್ರೀಸ್ಟ್ಲಿ, ಜೂಲಿಯನ್ ಹಕ್ಸ್ಲಿ ಇದ್ದರು. ಪ್ರಸಿದ್ಧವಾದ ಬೆವರಿಜ್ ವರದಿ ಬಂದದ್ದು 1942ರ ಡಿಸೆಂಬರಿನಲ್ಲಿ. ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರಲ್ಲಿ. ಮನೆ ಉರಿಯುತ್ತಿರುವಾಗ ಹೊಸ ಮನೆಗೆ ಪಾಯ ಗುರುತಿಸುವ ಈ ಧೈರ್ಯವನ್ನು ಹುಚ್ಚೆನ್ನಬೇಕೋ ವಿವೇಕವೆನ್ನಬೇಕೋ! ನಾನಂತೂ ವಿವೇಕವೆನ್ನುತ್ತೇನೆ.

ಯುದ್ಧವನ್ನು ಈ ಪತ್ರಿಕೆಗಳಲ್ಲಿ ಬೆರಳಿನಿಂದಲೂ ಓದಬಹುದು. 1940ರಲ್ಲಿ ನಾರ್ವೆ ಜರ್ಮನರ ವಶವಾದಾಗ ಬ್ರಿಟನ್ನಿಗೆ ಬರುತ್ತಿದ್ದ ಕಾಗದದ ತಿರುಳು ನಿಂತಿತು. ಕಾಗದಕ್ಕೆ ಪಡಿತರ ಬಂತು, ಸಂಚಿಕೆಗಳು ಬಡವಾದವು. 1942ರಲ್ಲಿ ರದ್ದಿ ಕಾಗದವನ್ನು ಸುಡುವುದು, ಎಸೆಯುವುದು ಅಪರಾಧವೇ ಆಯಿತು. ಅದೆಲ್ಲ ಯುದ್ಧಸಾಮಗ್ರಿಯ ತಯಾರಿಕೆಗೆ ಬೇಕಾಗಿತ್ತು. ಲಕ್ಷಗಟ್ಟಲೆ ಅಚ್ಚಾದ ಪತ್ರಿಕೆಯ ಎಷ್ಟೋ ಪ್ರತಿಗಳು ಹೀಗೆ ಯುದ್ಧದ ಹೊಟ್ಟೆಗೇ ಹೋದವು.

ಅಮೆರಿಕೆಯ ಮಾತು ಬೇರೆ. ಅಲ್ಲಿನ ‘ಲೈಫ್’ ನುಣುಪು ಕಾಗದದ ದೊಡ್ಡ ಪತ್ರಿಕೆ. ಇಂದಿಗೂ ಹೇರಳವಾಗಿ ಸಿಗುತ್ತದೆ, ಬೆಲೆಯೂ ಅಷ್ಟಕ್ಕಷ್ಟೆ. 1942ರ ಜುಲೈಯಲ್ಲಿ ಆ ದೇಶದ ನೂರಾರು ಪತ್ರಿಕೆಗಳು ಒಟ್ಟಾಗಿ ಮುಖಪುಟದಲ್ಲಿ ರಾಷ್ಟ್ರಧ್ವಜವನ್ನು ಅಚ್ಚುಮಾಡಿದುವು. ಆ ಒಂದು ತಿಂಗಳ ಸಂಚಿಕೆಗಳನ್ನಷ್ಟೇ ಕೂಡಿಡುವ ಸಂಗ್ರಾಹಕರಿದ್ದಾರೆ. ನೋಡಲು ಸೊಗಸು, ಆದರೆ ನನ್ನ ಮನಸ್ಸು ನಿಲ್ಲುವುದು 1943ರ ಸೆಪ್ಟೆಂಬರ್ 20ರ ‘ಲೈಫ್’ ಮೇಲೆ. ನ್ಯೂಗಿನಿಯ ಬುನಾ ಕಡಲತೀರದಲ್ಲಿ, ಮರಳಿನಲ್ಲಿ ಅರೆಹೂತು ಬಿದ್ದ ಮೂವರು ಅಮೆರಿಕನ್ ಸೈನಿಕರ ಹೆಣಗಳು. ಜಾರ್ಜ್ ಸ್ಟ್ರಾಕ್ ತೆಗೆದ ಈ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿದಿದ್ದರು. ಅಲ್ಲಿಯವರೆಗೆ ತಮ್ಮವರ ಸಾವು ಆ ಜನಕ್ಕೆ ಪಟ್ಟಿಯಲ್ಲಿನ ಹೆಸರಾಗಿತ್ತು.

ಇನ್ನು ಜರ್ಮನ್ ಸೈನ್ಯದ ‘ಸಿಗ್ನಲ್’. 1940ರಿಂದ 1945ರವರೆಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹೊರಟಿತು. ಉಚ್ಛ್ರಾಯದಲ್ಲಿ ಸುಮಾರು 25 ಲಕ್ಷ ಪ್ರತಿಗಳು. ಅದರ ಬಣ್ಣದ ಪುಟಗಳ ಮುಂದೆ ‘ಪಿಕ್ಚರ್ ಪೋಸ್ಟ್’ ಬಡ ಬಂಧುವಿನಂತೆ ಕಾಣುತ್ತದೆ. ಅಚ್ಚುಕಟ್ಟಾದ ಆ ಪುಟಗಳಲ್ಲಿ ಯಾತನಾಶಿಬಿರಗಳಿಗೆ ಎಡೆಯಿಲ್ಲ. ಆ ಕಾಲದ ಲಾಂಛನಗಳಿಗೆ ಮರುಳಾಗಿಯೇ ಇಂಥವನ್ನು ಹುಡುಕುವವರುಂಟು. ಅವರೊಡನೆ ಕೊಡುಕೊಳ್ಳುವಿಕೆ ನನಗೆ ಒಗ್ಗದು. ಆದರೂ ಎರಡು ಸಂಚಿಕೆಗಳನ್ನು ಇಟ್ಟುಕೊಂಡಿದ್ದೇನೆ, ಲೋರಾಂಟನ ಪತ್ರಿಕೆಯ ಪಕ್ಕದಲ್ಲೇ. ಸುಳ್ಳು ಎಷ್ಟು ಸುಂದರವಾಗಿ ಅಚ್ಚಾಗಬಲ್ಲುದೆಂಬುದನ್ನು ಮಕ್ಕಳಿಗೆ ತೋರಿಸಲು ಅವು ಬೇಕು.

ಈ ಕಾಗದಗಳನ್ನು ಕಾಪಾಡುವುದು ಸುಲಭವಲ್ಲ. ಮರದ ತಿರುಳಿನ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಮುರಿಯುತ್ತದೆ. ಬೆನ್ನಿನ ಪಿನ್ನುಗಳು ತುಕ್ಕು ಹಿಡಿಯುತ್ತವೆ. ನಮ್ಮ ಮಳೆಗಾಲವಂತೂ ಹುಳುಗಳ ಪಕ್ಷ. ಕೊಳ್ಳುವಾಗ ಪುಟಗಳನ್ನು ಎಣಿಸಬೇಕು. ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸುವ ಅಭ್ಯಾಸ ಎಲ್ಲ ದೇಶಗಳಲ್ಲೂ ಇತ್ತು.

ಜಾಹೀರಾತುಗಳನ್ನು ಮರೆಯುವಂತಿಲ್ಲ. ಕಡಲಾಚೆಯ ಸೈನಿಕರಿಗಾಗಿ ‘ಟೈಮ್’ ಪತ್ರಿಕೆ ಜಾಹೀರಾತಿಲ್ಲದ ಪುಟ್ಟ ಆವೃತ್ತಿಯೊಂದನ್ನು ಹೊರಡಿಸುತ್ತಿತ್ತು. ನನಗೆ ಅದು ಒಗ್ಗರಣೆಯಿಲ್ಲದ ಸಾರು. 1942ರ ಫೆಬ್ರವರಿಯಲ್ಲಿ ಅಮೆರಿಕೆಯಲ್ಲಿ ಜನಬಳಕೆಯ ಕಾರುಗಳ ತಯಾರಿಕೆ ನಿಂತಿತು. ಆದರೂ ಕಾರ್ಖಾನೆಗಳು ಜಾಹೀರಾತು ಕೊಡುವುದನ್ನು ನಿಲ್ಲಿಸಲಿಲ್ಲ. ಮಾರಲು ಕಾರಿಲ್ಲ, ಇರುವ ಕಾರನ್ನು ಜೋಪಾನ ಮಾಡಿ, ಯುದ್ಧದ ಸಾಲಪತ್ರ ಕೊಳ್ಳಿ, ಗೆದ್ದ ಮೇಲೆ ಬನ್ನಿ ಎಂಬ ಧಾಟಿ. ನನ್ನಲ್ಲಿರುವ 1943ರ ಒಂದು ‘ಲೈಫ್’ ಸಂಚಿಕೆಯಲ್ಲಿ ಅಂಥ ಜಾಹೀರಾತಿನ ಅಂಚಿನಲ್ಲಿ ಯಾರೋ ಸೀಸದಕಡ್ಡಿಯಿಂದ ಮೂರು ಸಾಲು ಕೂಡುವ ಲೆಕ್ಕ ಬರೆದು, ಮೊತ್ತದ ಕೆಳಗೆ ಎರಡು ಗೆರೆ ಎಳೆದಿದ್ದಾರೆ.